ಅಪ್ಪ ಮಾಲೆ ತೆಗೆದ ಶ್ರಾವಣ

ಹೈಸ್ಕೂಲಿನಲ್ಲಿದ್ದಾಗ ನಾನು ಒಂದೇ ಒಂದು ಸಲ ಕುಡಿದೆ. ಆಗ ನನಗೆ ಹದಿನಾರು ವರ್ಷ, ಹನ್ನೊಂದನೆಯ ತರಗತಿ. ಆ ಕಾಲಕ್ಕೆ ಮುಂಬಯಿಯಲ್ಲಿ ಎಸ್ಸೆಸ್ಸಿ ಅಂದರೆ ಹನ್ನೊಂದನೆಯದೇ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಯಿದೆಯ ಪ್ರಕಾರ ಪರ್ಮಿಟ್ ಇಲ್ಲದವರು ಕುಡಿಯುವಂತಿರಲಿಲ್ಲ. ವಡಾಲ ಸ್ಟೇಷನ್ ದಾಟಿ ಉಪ್ಪಿನ ಆಗರದ ಕಡೆಗೆ ಸ್ವಲ್ಪ ನಡೆದರೆ ಮೂರು ಕಡೆ ಕಳ್ಳಭಟ್ಟಿ ಸಿಗುತ್ತಿತ್ತು.

ನಮ್ಮ ಅಪ್ಪ ಗೋದಿಯಲ್ಲಿ ಹಮಾಲ. ಬಂದರಿಗೆ ಮುಂಬಯಿಯ ಕೆಲಸಗಾರರು ಗೋದಿ ಅನ್ನುತ್ತಾರೆ. ವಿಜಾಪುರದ ಕಡೆಯಿಂದ ಬಂದು ಹಡಗಿನ ಚೀಲ ಹೊರುತ್ತಿದ್ದ ಅವನ ಟೋಳಿಯಲ್ಲಿ ಕುಡಿಯದವರು ಇರಲಿಲ್ಲ. ನಾನು ಐದನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಅಪ್ಪ ರೈಲು ಹಳಿಗಳ ನಡುವೆ ಬಿದ್ದಿದ್ದ. ಎತ್ತಿಕೊಂಡು ಬಂದವರು ನಮ್ಮ ಚಾಳಿನ ಭಜನಾ ಮಂಡಳಿಯ ಬುವಾ. ಸೊಲ್ಲಾಪುರ ಸೀಮೆಯವರು, ದಾದರಿನ ಅಂಗಡಿಯೊಂದರಲ್ಲಿ ಕೋಟು ಹೊಲಿಯುತ್ತಿದ್ದರು. ಮಂಡಳಿಯ ಮುಖ್ಯಸ್ಥರಾದ್ದರಿಂದ ಎಲ್ಲರೂ ಅವರನ್ನು ಬುವಾ ಎಂದೇ ಕರೆಯುತ್ತಿದ್ದರು. ಮುಂದಿನ ತಿಂಗಳು ಅವರು ಅಪ್ಪನನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಿ ತುಳಸಿ ಮಾಲೆ ಹಾಕಿಸಿದರು.

ಮಾಲೆ ಹಾಕಿಸಿಕೊಂಡವನು ಕುಡಿಯುವಂತಿಲ್ಲ, ಮಾಂಸ ತಿನ್ನುವಂತಿಲ್ಲ, ಏಕಾದಶಿ ಬಿಡುವಂತಿಲ್ಲ. ಗೋದಿಯಲ್ಲಿ ಕುಡಿತ ಬಿಡಬೇಕೆಂದವರಿಗೆ ಇದೊಂದೇ ದಾರಿ ಇತ್ತು. ಬರೀ ಬಾಯಿಮಾತಿನಲ್ಲಿ ಬಿಟ್ಟೆ ಅಂದರೆ ಟೋಳಿಯವರು ಕೈಹಿಡಿದು ಎಳೆದೊಯ್ಯುತ್ತಿದ್ದರು. ಕೊರಳಲ್ಲಿ ಮಾಲೆ ಇದ್ದರೆ ಎಂಥ ಕುಡುಕ ಬೇವಡಾ ಕೂಡ ಅವನ ಮುಂದೆ ಗ್ಲಾಸು ಹಿಡಿಯುತ್ತಿರಲಿಲ್ಲ. ಮಾಳಕರಿ, ಬಿಡು ಅವನನ್ನು ಎನ್ನುತ್ತಿದ್ದರು. ಮಂಡಳಿಯಲ್ಲಿ ಒಬ್ಬರಿಗೊಬ್ಬರು ಹೆಸರು ಹಿಡಿಯುತ್ತಿರಲಿಲ್ಲ, ಎಲ್ಲರೂ ಎಲ್ಲರಿಗೂ ಮಾವುಲಿ, ಅಂದರೆ ತಾಯಿ. ಮಾಲೆ ಇದ್ದವನು ಕುಡಿದನೆಂದಾದರೆ ತಾನೇ ಅದನ್ನು ತೆಗೆದು ಬುವಾ ಕೈಗೆ ಕೊಡಬೇಕು. ಕಾರ್ತಿಕ ಮಾಸದ ಯಾತ್ರೆಯಲ್ಲಿ ಮತ್ತೆ ಹಾಕಿಸಿಕೊಳ್ಳುವವರೆಗೆ ಅವನು ಭಜನೆಯಲ್ಲಿ ಚಪ್ಪಲಿಗಳ ಹತ್ತಿರ ಕೂರಬೇಕು, ತಾಳ ಮುಟ್ಟಬಾರದು.

ಅಪ್ಪ ಆರು ವರ್ಷ ನಡೆಸಿಕೊಂಡು ಬಂದಿದ್ದ. ಅವ್ವ ಒಂದೇ ಮಾತು ಹೇಳಿದ್ದಳು. ಇನ್ನೊಮ್ಮೆ ಮನೆಯೊಳಗೆ ಆ ವಾಸನೆ ಬಂದರೆ ಮೂರೂ ಮಕ್ಕಳನ್ನು ಕರಕೊಂಡು ಊರಿಗೆ ಹೋಗುತ್ತೇನೆ ಎಂದು. ಊರಿನಲ್ಲಿ ಏಳನೆಯ ತರಗತಿಯ ಮೇಲೆ ಶಾಲೆ ಇರಲಿಲ್ಲ.

ಆಷಾಢದ ಅಮಾವಾಸ್ಯೆ ಆ ವರ್ಷ ಶನಿವಾರ ಬಂತು. ಶ್ರಾವಣ ಹಿಡಿದರೆ ಒಂದು ತಿಂಗಳು ಮಾಂಸ, ಮದ್ಯ ಬಿಡುವ ಪದ್ಧತಿ ಮುಂಬಯಿಯಲ್ಲಿ ಗಟ್ಟಿಯಾಗಿತ್ತು. ಹಾಗಾಗಿ ಹಿಂದಿನ ದಿನ ಎರಡನ್ನೂ ಮುಗಿಸಿಬಿಡುವ ಪದ್ಧತಿ ಅದಕ್ಕಿಂತ ಗಟ್ಟಿ. ಆ ದಿನವನ್ನು ಗಟಾರಿ ಅನ್ನುತ್ತಾರೆ. ಗಟಾರಿಯ ಸಂಜೆ ಮಂಡಳಿಯವರು ಬೇಕೆಂದೇ ಭಜನೆ ಇಟ್ಟುಕೊಳ್ಳುತ್ತಿದ್ದರು, ಮಾಲೆ ಇದ್ದವರೆಲ್ಲ ಆ ಹೊತ್ತಿನಲ್ಲಿ ಒಂದೇ ಕೋಣೆಯಲ್ಲಿ ಇರಲಿ ಎಂದು.

ಶನಿವಾರ ಶಾಲೆ ಅರ್ಧ ದಿನ. ಹನ್ನೊಂದನೆಯದರಲ್ಲಿ ಎರಡು ಸಲ ಫೇಲಾಗಿ ನಮ್ಮ ಜೊತೆ ಕೂರುತ್ತಿದ್ದ ಹುಡುಗನೊಬ್ಬ ಇದ್ದ. ಅವನಿಗೆ ಮೀಸೆ ಬಂದಿತ್ತು, ಅದೇ ಅವನ ಅಧಿಕಾರ. ಗಂಟೆ ಹೊಡೆದ ಮೇಲೆ ಅವನು ನಮ್ಮನ್ನು ಕರೆದ. ನಮ್ಮನ್ನು ಅಂದರೆ ನನ್ನನ್ನು ಮತ್ತು ನನ್ನ ಬೆಂಚಿನ ಗೆಳೆಯನನ್ನು. ಗೆಳೆಯನೂ ವಿಜಾಪುರದ ಕಡೆಯವನೇ, ಮುಸ್ಲಿಮರ ಹುಡುಗ. ಅವನ ತಂದೆ ಅಂಧೇರಿಯಲ್ಲಿ ಗಾದಿ ಹೊಲಿಯುವ ಕೆಲಸ ಮಾಡುತ್ತಿದ್ದರು. ಎಲ್ಲಿಗೆ ಹೋಗುತ್ತಿದ್ದೇವೆಂದು ನಮಗಿಬ್ಬರಿಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಇಲ್ಲಿ ಬರೆಯುವುದಿಲ್ಲ.

ಆಗರದ ಒಡ್ಡಿನ ಪಕ್ಕ ತಗಡಿನ ಶೆಡ್ಡು. ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಆಂಟಿ ಅನ್ನುತ್ತಿದ್ದರು. ಅವಳು ನಮ್ಮ ಯೂನಿಫಾರ್ಮ್ ನೋಡಿದಳು. ಚಹಾದ ಗ್ಲಾಸಿನಲ್ಲಿ ಅಳತೆ ಮಾಡಿ ಸುರಿದಳು. ಜೊತೆಗೆ ಎಲೆಯ ಮೇಲೆ ಬೇಯಿಸಿದ ಕಡಲೆ, ಉಪ್ಪು. ನಾನು ಗ್ಲಾಸು ಮುಟ್ಟದೆ ಕೂತಿದ್ದೆ. ಮೀಸೆಯವನು ಸುಮ್ಮನೆ ಬಿಡಲಿಲ್ಲ.

“ನಿಮ್ಮಪ್ಪ ಮಾಲಿ ಹಾಕ್ಯಾನ. ನಿನ್ನ ಕೊಳ್ಳಾಗ ಏನೈತಿ, ತೋರ್ಸು.”

ಪಕ್ಕದ ಬೆಂಚಿನ ಇಬ್ಬರು ನಕ್ಕರು. ಅವನು ಗೆಳೆಯನ ಕಡೆ ತಿರುಗಿದ.

“ನಿಂದೇನ ಮುಲ್ಲಾ? ನಿಮ್ಮಲ್ಲಿ ನಡ್ಯಾಂಗಿಲ್ಲ ಅಂತೀ ಏನು?”

“ನಡೀತೈತೋ ಇಲ್ಲೋ ನಿಂಗ್ಯಾಕ ಬೇಕು. ನಂಗ ಚಣಾ ಸಾಕು,” ಅಂದ ಗೆಳೆಯ. “ನೀ ಕುಡಿ. ಬಿದ್ದಿ ಅಂದ್ರ ಎತ್ತಾಕ ಒಬ್ಬಾಂವ ಬೇಕಲ್ಲ.”

ಈ ಸಲ ಆಂಟಿಯೂ ನಕ್ಕಳು. ಕಡಲೆಯ ಎಲೆಯನ್ನು ಅವನ ಕಡೆಗೆ ಸರಿಸಿದಳು. ಅಲ್ಲಿಗೆ ಅವನ ವಿಷಯ ಮುಗಿಯಿತು. ಅವನು ಯಾವ ಕಾರಣವನ್ನೂ ಕೊಡಲಿಲ್ಲ, ಯಾರೂ ಮತ್ತೆ ಕೇಳಲಿಲ್ಲ. ಅಷ್ಟು ಸುಲಭವಿತ್ತು. ನನಗೆ ಆಗ ಅದು ಹೊಳೆಯಲಿಲ್ಲ. ಎಲ್ಲರೂ ನನ್ನ ಕೊರಳನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಎರಡು ಗ್ಲಾಸು ಕುಡಿದೆ.

ಮನೆಗೆ ಬಂದಾಗ ಐದು ಗಂಟೆಯಾಗಿತ್ತು. ಗೆಳೆಯ ಮೆಟ್ಟಿಲಿನವರೆಗೆ ತೋಳು ಹಿಡಿದು ಬಂದು, ಪೇರಲ ಎಲೆ ಕೊಟ್ಟು ಅಗಿಯಲು ಹೇಳಿ ಹೋದ. ಅವ್ವ ತಂಗಿಯರನ್ನು ಕರಕೊಂಡು ಭಜನೆಯ ಪ್ರಸಾದ ಮಾಡಲು ಬುವಾ ಮನೆಗೆ ಹೋಗಿದ್ದಳು. ನಮ್ಮದು ಒಂದೇ ಕೋಣೆ. ಹಾಸಿಗೆಗಳನ್ನು ಸುತ್ತಿ ಟ್ರಂಕಿನ ಮೇಲೆ ಇಡುತ್ತಿದ್ದೆವು. ಬೆಳಗಿನ ಪಾಳಿಗೆ ಎಲ್ಲರಿಗಿಂತ ಮೊದಲು ಏಳುವವನು ಅಪ್ಪ, ಬಾಗಿಲ ಬಳಿ ಮಲಗುತ್ತಿದ್ದವನೂ ಅವನೇ. ರಾತ್ರಿ ಬೇಗ ಮಲಗುತ್ತಿದ್ದರಿಂದ ಅವನ ಹಾಸಿಗೆ ಎಲ್ಲಕ್ಕಿಂತ ಮೇಲಿರುತ್ತಿತ್ತು. ಅದನ್ನೇ ಬಿಚ್ಚಿ ಬಿದ್ದುಕೊಂಡೆ. ಸ್ವಲ್ಪ ಹೊತ್ತಿಗೆ ದಿಂಬಿನ ಮೇಲೆ ವಾಂತಿಯಾಯಿತು, ಹೆಚ್ಚೇನಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ದಿಂಬನ್ನು ಮಗುಚಿ ಹಾಕಿದೆ. ಅವ್ವ ಬಂದಾಗ ನಾನು ನನ್ನ ಹಾಸಿಗೆಗೆ ಹೋಗಿದ್ದೆ. ತಲೆನೋವು ಅಂದೆ. ಅವಳು ಗೋಡೆ ಕಡೆ ತಿರುಗಿದ್ದ ನನ್ನ ಮೇಲೆ ಚಾದರ ಹೊದಿಸಿದಳು. ಅಪ್ಪನ ಹಾಸಿಗೆ ಹೇಗೂ ಬಿಚ್ಚಿತ್ತು, ಹಾಗೇ ಬಿಟ್ಟಳು.

ಆ ದಿನ ಹಡಗು ಖಾಲಿಯಾಗುವುದು ತಡವಾಗಿ ಅಪ್ಪನಿಗೆ ಓವರ್‌ಟೈಮ್ ಬಿತ್ತು. ಅವನು ಭಜನೆಗೆ ಬರಲಿಲ್ಲ. ಬಂದು ಊಟ ಮಾಡಿ ಆ ಹಾಸಿಗೆಯಲ್ಲೇ ಮಲಗಿದ.

ಭಾನುವಾರ ಬೆಳಿಗ್ಗೆ ಹಾಸಿಗೆ ಸುತ್ತುವಾಗ ಅವ್ವ ದಿಂಬು ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಆ ವಾಸನೆಯನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ದಿನ ಗಟಾರಿ, ಗಂಡ ಭಜನೆಗೆ ಬಂದಿಲ್ಲ, ಅವನ ದಿಂಬಿನಲ್ಲಿ ವಾಸನೆ. ಅವಳು ಬೇರೆ ಏನನ್ನು ತಿಳಿಯಬೇಕಿತ್ತು? ದಿಂಬನ್ನು ಅಪ್ಪನ ಮುಂದೆ ಹಿಡಿದಳು. ಅಪ್ಪ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ರೇಖಾಗಣಿತದ ಪುಸ್ತಕ ತೆರೆದುಕೊಂಡಿದ್ದೆ. ತಲೆ ಎತ್ತಲಿಲ್ಲ. ಆದರೂ ಅವನು ನೋಡಿದ್ದು ಗೊತ್ತಾಯಿತು.

ಅವ್ವ ಕೂಗಾಡಲಿಲ್ಲ. ನಲ್ಲಿಯ ಹತ್ತಿರ ಬುವಾ ಹೆಂಡತಿಗೆ ಹೇಳಿದಳು. ಸಂಜೆ ಬುವಾ ಬಂದರು. ಅಪ್ಪ ಚಾಪೆ ಹಾಸಿದ. ಇಬ್ಬರೂ ಎದುರುಬದುರು ಕೂತರು.

“ಮಾವುಲಿ, ಖರೇನ?” ಎಂದು ಬುವಾ ಕೇಳಿದರು.

“ವಾಸನಿ ಬಂದೈತಿ ಅಂದಮ್ಯಾಲ ಖರೇ ಇರಬೇಕ್ರಿ.”

ಅಪ್ಪ ಓವರ್‌ಟೈಮಿನ ಮಾತು ಎತ್ತಲಿಲ್ಲ. ಎತ್ತಿದ್ದರೂ ಸಾಕ್ಷಿಗೆ ಟೋಳಿಯವರನ್ನೇ ಕರೆಯಬೇಕಿತ್ತು. ಅವರು ಹಡಗು ಇಳಿದವರೇ ನೇರ ಕುಡಿಯುವ ಅಡ್ಡೆಗೆ ಹೋಗಿದ್ದವರು. ಕೊರಳಿನಿಂದ ಮಾಲೆ ತೆಗೆದು ಹಣೆಗೆ ಮುಟ್ಟಿಸಿ ಬುವಾ ಕೈಗೆ ಕೊಟ್ಟ. ನಾನು ಐದು ಅಡಿ ದೂರದಲ್ಲಿ ಕೂತು ತ್ರಿಕೋನವೊಂದನ್ನು ಬಿಡಿಸುತ್ತಿದ್ದೆ. ಆಗ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೇಳಿದರೆ ಅವ್ವ ನನ್ನ ಶಾಲೆ ಬಿಡಿಸುತ್ತಾಳೆ ಎಂಬ ಹೆದರಿಕೆ ಇತ್ತು. ಹೇಳದಿದ್ದರೆ ಎಲ್ಲರನ್ನೂ ಊರಿಗೆ ಕರೆದೊಯ್ಯುತ್ತಾಳೆ ಎಂಬ ಹೆದರಿಕೆಯೂ ಇತ್ತು. ಎರಡು ಹೆದರಿಕೆಗಳ ನಡುವೆ ನಾನು ಬಾಯಿ ಮುಚ್ಚಿಕೊಂಡಿರುವುದನ್ನು ಆರಿಸಿಕೊಂಡೆ.

ಅವ್ವ ಟ್ರಂಕು ಕಟ್ಟಲಿಲ್ಲ. ಎಸ್ಸೆಸ್ಸಿ ಮುಗಿಯಲಿ, ಆಮೇಲೆ ನೋಡುತ್ತೇನೆ ಎಂದು ಅಕ್ಕಪಕ್ಕದವರಿಗೆ ಹೇಳಿದಳು. ಅಪ್ಪನ ಜೊತೆ ಮಾತು ಬಿಟ್ಟಳು. ತಾಟು ಮುಂದಿಟ್ಟು ಆಚೆ ತಿರುಗುತ್ತಿದ್ದಳು. ಅಪ್ಪ ಭಜನೆಗೆ ಹೋಗಿ ಚಪ್ಪಲಿಗಳ ಹತ್ತಿರ ಕೂತ. ಬುವಾ ಅವನನ್ನು ಮಾವುಲಿ ಅನ್ನುವುದನ್ನು ನಿಲ್ಲಿಸಿದರು. ಬರಬೇಕು, ಕೂರಬೇಕು ಎಂದು ಪರಕೀಯರಿಗೆ ಹೇಳಿದ ಹಾಗೆ ಮರ್ಯಾದೆಯಿಂದ ಹೇಳುತ್ತಿದ್ದರು. ಗೋದಿಯಲ್ಲಿ ಏನಾಗುತ್ತಿತ್ತೆಂದು ನಾನು ಕಣ್ಣಾರೆ ಕಂಡಿಲ್ಲ. ಖಾಲಿ ಕೊರಳನ್ನು ಟೋಳಿಯವರು ಮೊದಲ ದಿನವೇ ನೋಡಿರಬೇಕು. ಆರು ವರ್ಷ ಅವನನ್ನು ಕರೆಯದೆ ಇದ್ದವರು ಕರೆಯತೊಡಗಿರಬೇಕು.

ಎರಡನೆಯ ಮಂಗಳವಾರ ಮಧ್ಯಾಹ್ನದ ಬಿಡುವಿನಲ್ಲಿ ಗೆಳೆಯ ನನ್ನನ್ನು ಶಾಲೆಯ ಹಿಂದಿನ ಗೋಡೆಯ ಹತ್ತಿರ ಕರೆದ.

“ನಿನ್ನೆ ಕಾಕಾನ್ನ ನೋಡಿದೆ,” ಅಂದ. “ಆಂಟಿ ಕಡೆ.”

ನಾನು ಯಾವ ಕಾಕಾ ಎಂದು ಕೇಳಿದೆ. ಅವನು ಕಾಕಾ ಅನ್ನುತ್ತಿದ್ದದ್ದು ನಮ್ಮಪ್ಪನಿಗೆ ಮಾತ್ರ ಎಂದು ಇಬ್ಬರಿಗೂ ಗೊತ್ತಿತ್ತು.

“ಹತ್ತು ದಿನಾ ಆತು. ನಾ ಸುಮ್ನ ನೋಡ್ಕೋತ ಕುಂತೀನಿ, ಇವತ್ತ ಹೇಳ್ತಾನ, ನಾಳಿಗಿ ಹೇಳ್ತಾನ ಅಂತ. ನೀ ಹೇಳ್ತಿ ಏನು, ನಾ ಹೇಳ್ಲಿ? ನಾನೂ ಅಲ್ಲೇ ಇದ್ದೆ. ನನ್ನ ಮಾತ ನಂಬ್ತಾರ.”

“ನಿಂಗ್ಯಾಕ ಬೇಕೋ?”

“ಪೇರಲ ಎಲಿ ಯಾರ ಕೊಟ್ಟಿದ್ದು? ನಾನs ಅಲ್ಲ?”

ಮರುದಿನ ಬುಧವಾರ, ಶ್ರಾವಣದ ಮೊದಲ ಏಕಾದಶಿ. ಎರಡು ಗಲ್ಲಿ ಆಚೆ ಇದ್ದ ಭಜನೆಯ ಕೋಣೆ ತುಂಬಿತ್ತು, ಹೊರಗೆ ಮಳೆ. ನಾನು ಬಾಗಿಲಲ್ಲಿ ನಿಂತು ಹಾಡು ನಿಲ್ಲುವುದನ್ನು ಕಾದೆ. ಚಪ್ಪಲಿಗಳ ಪಕ್ಕ ಅಪ್ಪ ಇದ್ದ, ನನ್ನ ಕಾಲಿನ ಹತ್ತಿರವೇ. ಆರತಿಗೆ ಮೊದಲು ಬುವಾ ನನ್ನನ್ನು ಕಂಡು ಒಳಗೆ ಬಾ ಎಂದು ಕೈ ಮಾಡಿದರು. ಒಳಗೆ ಹೋಗದೆ ಅಲ್ಲಿಂದಲೇ ಹೇಳಿದೆ. ಗಟಾರಿ ದಿನ ಕುಡಿದದ್ದು ನಾನು, ಅಪ್ಪನ ಹಾಸಿಗೆಯಲ್ಲಿ ಮಲಗಿದ್ದು ನಾನು, ದಿಂಬಿನ ವಾಸನೆ ನನ್ನದು. ಹೀಗೆ ಮೂರು ವಾಕ್ಯ. ದಾರಿಯುದ್ದಕ್ಕೂ ಅವನ್ನು ಮನಸ್ಸಿನಲ್ಲಿ ಉರು ಹೊಡೆದುಕೊಂಡು ಬಂದಿದ್ದೆ. ಹೆಂಗಸರ ಕಡೆ ಅವ್ವ ಕೂತಿದ್ದಳು. ಆ ಕಡೆ ನೋಡಲಿಲ್ಲ.

ಬುವಾ ಎದ್ದರು. ದೇವರ ಪಟದ ಮುಂದಿನ ಪೆಟ್ಟಿಗೆಯಿಂದ ಅಪ್ಪನ ಮಾಲೆ ತೆಗೆದರು. ಅವರ ಮುಖದಲ್ಲಿ ಸಂತೋಷವಿತ್ತು, ಅದನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಕೂತವರು ದಾರಿ ಮಾಡಿಕೊಟ್ಟರು. ಅವರು ಬಾಗಿಲವರೆಗೆ ಬಂದು ಅಪ್ಪನ ಕಾಲು ಮುಟ್ಟಲು ಬಗ್ಗಿದರು. ಮಂಡಳಿಯಲ್ಲಿ ಹಿರಿಯರು ಕಿರಿಯರು ಎಲ್ಲರೂ ಒಬ್ಬರಿಗೊಬ್ಬರು ಹಾಗೆ ಮಾಡುತ್ತಿದ್ದರು. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

“ಹುಡುಗ ಹೇಳೂದು ಖರೇ ಐತ್ರಿ ಬುವಾ. ಅವತ್ತ ನಾ ಕುಡದಿಲ್ಲ,” ಅಂದ. “ಮೊನ್ನಿ ಸೋಮವಾರ ಕುಡದೀನಿ. ಅದೂ ಖರೇ.”

ಬುವಾ ಕೈಯಲ್ಲಿದ್ದ ಮಾಲೆಯನ್ನು ಒಮ್ಮೆ ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ ಅದನ್ನು ಪೆಟ್ಟಿಗೆಯಲ್ಲಿಟ್ಟರು. ಬೇರೆ ಏನು ಮಾಡಬಹುದಿತ್ತೋ ನನಗೆ ಇಂದಿಗೂ ತಿಳಿಯದು. ಆರತಿ ಆಯಿತು.

ಅವ್ವ ತಂಗಿಯರ ಜೊತೆ ಮುಂದೆ ಹೋದಳು. ಅಪ್ಪ ಮತ್ತು ನಾನು ಒಂದೇ ಕೊಡೆಯಲ್ಲಿ ಹಿಂದೆ ಬಂದೆವು. ಹೊಡೆತ ಬೀಳುತ್ತದೆಂದು ನಾನು ಕಾಯುತ್ತಿದ್ದೆ. ನಮ್ಮ ಚಾಳು ಎದುರು ಬಂದಾಗ ಅವನು ಮಾತು ತೆಗೆದ.

“ಅವತ್ತ ಮಲಗಿದ ಕೂಡ್ಲೆ ಗೊತ್ತಾತು ನಂಗ, ನೀನs ಅಂತ,” ಅಂದ. “ದಿಂಬ ತಗದ ಬಾಜೂಕ ಇಡಬೇಕಾಗಿತ್ತು. ಇಡಲಿಲ್ಲ. ಆರು ವರ್ಷ ಆಗಿತ್ತ ತಮ್ಮಾ, ಆ ವಾಸನಿ ಬಂದು. ಬೆಳತನಕ ಆ ಕಡೆನ ಮುಖಾ ಮಾಡಿ ಮಲಗಿದ್ದೆ.”

ನಾನು ಅಳತೊಡಗಿದೆ. ಅವನು ಕೊಡೆಯನ್ನು ನನ್ನ ಕಡೆ ವಾಲಿಸಿದ.

“ನೀ ಬಿಟ್ಟಬಿಡು. ನೀ ಬಿಟ್ರ ನಾನೂ ಬಿಡ್ತೀನಿ ಅಂತ ಹೇಳಾಂಗಿಲ್ಲ. ಅದು ನನ್ನ ಕೈಯಾಗಿಲ್ಲ. ನೀ ಬಿಡು, ಅಷ್ಟ.”

ಅಷ್ಟೇ ನಡೆದದ್ದು. ನನ್ನಿಂದ ಆಣೆ ಮಾಡಿಸಲಿಲ್ಲ, ದೇವರ ಮುಂದೆ ನಿಲ್ಲಿಸಲಿಲ್ಲ.

ಆ ವರ್ಷದ ಉಳಿದ ತಿಂಗಳುಗಳು ಮನೆಯಲ್ಲಿ ಹಗುರಾಗಿರಲಿಲ್ಲ. ಅವ್ವ ಅಪ್ಪನ ಜೊತೆ ಮತ್ತೆ ಮಾತು ಶುರು ಮಾಡಿದಳು. ತಾನು ತಪ್ಪು ತಿಳಿದದ್ದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ದಿನಾ ಸಂಜೆ ನಮ್ಮಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸುತ್ತಿದ್ದಳು. ಮೊದಲು ಅಪ್ಪ, ಆಮೇಲೆ ನಾನು. ಬಾಯಿ ತೆರೆದು ಉಸಿರು ಬಿಡಬೇಕು. ಅವಳು ಮೂಸಿ, ಒಳಗೆ ಬರ್ರಿ ಅನ್ನುತ್ತಿದ್ದಳು. ಚಾಳಿನ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಪ್ಪ ಕೆಲವು ಸಂಜೆ ನಮ್ಮ ಬಾಗಿಲಿಗೆ ಬರದೆ ಕೆಳಗೆ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆಯೇ ಕೂತಿರುತ್ತಿದ್ದ. ಆ ದಿನ ಅವ್ವ ನನ್ನನ್ನೂ ಮೂಸುತ್ತಿರಲಿಲ್ಲ. ಅವನ ತಾಟನ್ನು ತಂಗಿಯ ಕೈಯಲ್ಲಿ ಕೆಳಗೆ ಕಳಿಸುತ್ತಿದ್ದಳು.

ಶಾಲೆಯಲ್ಲಿ ಮೀಸೆಯವನು ಮತ್ತೆ ಕರೆದ. ದೀಪಾವಳಿಯ ಮೊದಲೊಮ್ಮೆ, ಪ್ರಿಲಿಮ್ ಪರೀಕ್ಷೆ ಮುಗಿದ ದಿನ ಇನ್ನೊಮ್ಮೆ. ವಿಕ್ರೋಳಿಯಲ್ಲಿ ತನ್ನ ಮಾವನಿಗೆ ಪರ್ಮಿಟ್ ಇದೆ, ಇದು ಆಗರದ ಮಾಲಲ್ಲ, ಬಾಟ್ಲಿಯದ್ದು ಎಂದ. ನಾನು ಬ್ಯಾಡ ಅಂದೆ. ಯಾಕೆ ಅಂದ. ಬ್ಯಾಡ ಅಂದೆ. ಗೆಳೆಯ ಅವತ್ತು ಶೆಡ್ಡಿನಲ್ಲಿ ಹೇಳಿದ್ದು ಹೀಗೆಯೇ ಎಂದು ಆಗ ತಿಳಿಯಿತು. ಆದರೆ ಅವನಂತೆ ನಗಿಸಲು ನನಗೆ ಬರಲಿಲ್ಲ. ಬೇವಡಾನ ಮಗ ಸಾಧು ಆದ ಎಂದು ಮೀಸೆಯವನು ತರಗತಿಯಲ್ಲಿ ಹೇಳಿದ. ಎಸ್ಸೆಸ್ಸಿ ಮುಗಿಯುವವರೆಗೆ ಆ ಹೆಸರು ಉಳಿಯಿತು. ಅದರಲ್ಲಿ ಸುಳ್ಳು ಇದ್ದದ್ದು ಸಾಧು ಅನ್ನುವುದು ಮಾತ್ರ.

ಪಾಸಾದೆ. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ. ಅಪ್ಪ ಆ ಕಾರ್ತಿಕದಲ್ಲಿ ಹೋಗಲಿಲ್ಲ, ಮುಂದಿನ ಕಾರ್ತಿಕದಲ್ಲಿ ಹೋಗಿ ಮಾಲೆ ಹಾಕಿಸಿಕೊಂಡ. ಒಂದು ವರ್ಷದ ಮೇಲೆ ಸ್ವಲ್ಪ ದಿನ ನಡೆಯಿತು. ಅಷ್ಟರಲ್ಲಿ ಕಾಯಿದೆ ಸಡಿಲವಾಗಿ ದೇಸಿ ಮದ್ಯದ ಅಂಗಡಿಗಳು ಬೋರ್ಡು ಹಾಕಿಕೊಂಡು ತೆರೆದವು. ಒಂದು ಅಂಗಡಿ ಅವನು ಗೋದಿಯಿಂದ ಬರುವ ರಸ್ತೆಯಲ್ಲೇ ಇತ್ತು. ಮಾಲೆ ಮತ್ತೆ ಪೆಟ್ಟಿಗೆ ಸೇರಿತು.

ಎಪ್ಪತ್ತರ ದಶಕದ ನಡುವೆ, ನಾನು ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದಾಗ, ಅವನು ಮೂರನೆಯ ಸಲ ಹೊರಟ. ಬುವಾಗೆ ಆಗ ಕಣ್ಣು ಮಂಜಾಗಿತ್ತು, ಪ್ರಯಾಣ ಆಗುತ್ತಿರಲಿಲ್ಲ. ನಾನು ರಜೆ ಹಾಕಿ ಜೊತೆಗೆ ಹೋದೆ. ಪಂಢರಪುರದ ಮಠದಲ್ಲಿ ಮಾಲೆಗಾಗಿ ಕಾಯುತ್ತಿದ್ದವರ ಸಾಲು ಅಂಗಳ ದಾಟಿ ಬೀದಿಗೆ ಬಂದಿತ್ತು. ಬಹಳ ಜನ ಅಪ್ಪನಂಥವರೇ, ಎರಡನೆಯದೋ ಮೂರನೆಯದೋ ಸಲ ಬಂದವರು. ನಮ್ಮ ಸರದಿ ಬಂತು. ಮಾಲೆ ಹಾಕುತ್ತಿದ್ದ ಗುರು ಮಹಾರಾಜರು ಕನ್ನಡ ಬಲ್ಲವರು, ವಯಸ್ಸಾದವರು. ಅವರು ಅಪ್ಪನನ್ನು ನೋಡಿದರು, ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಇನ್ನೊಂದು ಮಾಲೆ ಕೈಗೆತ್ತಿಕೊಂಡು ಮಗನಿಗೂ ಹಾಕಲೇ ಎಂದು ಕೇಳಿದರು.

“ಅವಂಗ ಬ್ಯಾಡ್ರಿ,” ಅಂದ ಅಪ್ಪ. “ಅಂವ ಹಂಗs ಬಿಟ್ಟಾನ.”

ಆ ಮಾತು ಪೂರ್ತಿ ನಿಜವಾಗಿರಲಿಲ್ಲ. ನಾನು ಹಾಗೇ ಬಿಟ್ಟವನಲ್ಲ, ಅವನ ಮಾಲೆಯ ಬೆಲೆ ತೆತ್ತು ಬಿಟ್ಟವನು. ಹಿಂದಿನಿಂದ ಜನ ನೂಕುತ್ತಿದ್ದರು. ಅಪ್ಪ ಆಗಲೇ ಕತ್ತು ಬಗ್ಗಿಸಿದ್ದ.